ಅವ್ವನ ಸೀರೆಯ ಇನ್ನೊಂದು ತುದಿ

ಮನೋಳಿ,
೨೨ ಮೇ ೨೦೨೫, ಗುರುವಾರ

ತೀರ್ಥರೂಪ ಲೀಲಕ್ಕನಿಗೆ ತಮ್ಮ ತ್ರ್ಯಂಬಕನ ನಮಸ್ಕಾರಗಳು.

ಕಾಲು ಈಗ ಹೇಗಿದೆ? ಪ್ಲಾಸ್ಟರ್ ಬಿಚ್ಚಿದರಂತೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತೀಯಂತೆ. ಎಲ್ಲದಕ್ಕೂ ‘ಅಂತೆ’ ಎಂದೇ ಬರೆಯಬೇಕಾಗಿದೆ, ಯಾಕೆಂದರೆ ನನ್ನ ಹೆಂಡತಿ ಸುಚೇತಾ ಫೋನ್ ಮಾಡಿದರೆ ಎತ್ತುತ್ತೀ, ನಾನು ಮಾಡಿದರೆ ಅದು ಬಾರಿಸಿ ಬಾರಿಸಿ ತಾನೇ ಸುಮ್ಮನಾಗುತ್ತದೆ. ಇರಲಿ. ಸಾಂಗಲಿಯ ಪೋಸ್ಟ್‌ಮನ್ ಬಂದರೆ ನಿನ್ನ ಮಗಳು ಶರ್ವರಿಯಾದರೂ ಬಾಗಿಲು ತೆಗೆಯುತ್ತಾಳೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮಾವಿನ ಸೀಕರಣೆ ವಾಟಿಗಟ್ಟಲೆ ಹೊಡೆಯುತ್ತಿದ್ದೀ ಎಂಬ ವರ್ತಮಾನ ಇಲ್ಲಿಯವರೆಗೂ ಬಂದಿದೆ. ನನ್ನ ಮೇಲಿನ ಸಿಟ್ಟನ್ನು ಹಣ್ಣಿನ ಮೇಲೆ ತೀರಿಸಬೇಡ ಮಾರಾಯ್ತಿ.

ಇಲ್ಲಿ ಎಲ್ಲ ಕ್ಷೇಮ. ಸುಚೇತಾ ಉಪ್ಪಿನಕಾಯಿ ಹಾಕಿದ್ದಾಳೆ, ನಿನಗೆಂದು ಒಂದು ಭರಣಿ ತೆಗೆದಿಟ್ಟಿದ್ದಾಳೆ. ಹೊಳೆಯ ಘಾಟು ಮಾತ್ರ ಈಗ ನೀನು ನೋಡಿದರೆ ಗುರುತು ಹಿಡಿಯುವುದಿಲ್ಲ. ಮಾರ್ಚಿನಲ್ಲಿ ಸರ್ಕಾರ ಹೇಳಿತಲ್ಲ, ತೀರ್ಥಕ್ಷೇತ್ರಗಳ ಹೊಳೆ-ಕೆರೆಗಳಿಂದ ಐನೂರು ಮೀಟರಿನೊಳಗೆ ಸಾಬೂನು, ಶಾಂಪೂ ಮಾರಬಾರದು, ಮಿಂದವರು ನೀರಿನಲ್ಲಿ ಬಟ್ಟೆ ಬಿಟ್ಟು ಹೋಗಬಾರದು ಅಂತ. ಆ ಸುದ್ದಿ ಓದಿದ ಮೇಲೆ ನಮ್ಮೂರವರೂ ಎದ್ದು ಕೂತರು. ಮೆಟ್ಟಿಲ ಪಕ್ಕ ಅಂಗಡಿ ಇಟ್ಟುಕೊಂಡಿರುವ ಸಾವಿತ್ರೆವ್ವ ತೋರಣದ ಹಾಗೆ ತೂಗಹಾಕಿದ್ದ ಶಾಂಪೂ ಪಾಕೀಟುಗಳನ್ನು ಬಿಚ್ಚಿಟ್ಟು ಈಗ ಸೀಗೆಕಾಯಿ ಪುಡಿ, ಕಡಲೆಹಿಟ್ಟು ಪೊಟ್ಟಣ ಕಟ್ಟಿ ಮಾರುತ್ತಾಳೆ. ಹಾಸಿಗೆ ಹಿಡಿದಿದ್ದ ಅವ್ವ ಇದನ್ನು ಕೇಳಿ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದಳು. ‘ನಾ ಹುಟ್ಟಿದಾಗಿಂದ ಅದನ್ನ ಹಚ್ಕೋಳಿಕ್ಕೆ ಹತ್ತೀನಿ, ಸರ್ಕಾರಕ್ಕ ಈಗ ಶಾಣ್ಯಾತನ ಬಂತು ನೋಡು’ ಎಂದಳು. ಅವಳು ಕೊನೆಯ ಸಲ ಗಟ್ಟಿಯಾಗಿ ನಕ್ಕಿದ್ದು ಆವತ್ತೇ.

ಘಾಟಿನಲ್ಲಿ ಬೋರ್ಡು ಹಾಕಬೇಕೆಂದು ಊರವರು ನನ್ನ ಹತ್ತಿರವೇ ಬಂದರು. ‘ಭಟ್ರ, ನಾಕ ಮಾತ ಛಂದಂಗ ಬರದಕೊಡ್ರಿ, ನೀವ ಹೇಳಿದ್ರ ಮಂದಿ ಕೇಳ್ತಾರ’ ಎಂದರು. ನಾನು ಉಬ್ಬಿ ಹೋದೆ. ನಲವತ್ತು ವರ್ಷದಿಂದ ಆ ಮೆಟ್ಟಿಲ ಮೇಲೆ ಕೂತು ಊರವರಿಗೆಲ್ಲ ಹತ್ತನೆಯ ದಿನದ ಕರ್ಮ ಮಾಡಿಸಿದವನು ನಾನೇ ಅಲ್ಲವೇ. ‘ಹೊಳೆ ನಮ್ಮೆಲ್ಲರ ತಾಯಿ. ತಾಯಿಯ ಮೈಮೇಲೆ ಹಳೆ ಬಟ್ಟೆ ಎಸೆಯಬೇಡಿರಿ’ ಎಂದು ಬರೆದುಕೊಟ್ಟೆ. ನೀಲಿ ಬಣ್ಣದಲ್ಲಿ ಗುಂಡಾಗಿ ಬರೆಸಿದ್ದಾರೆ. ಕರ್ಮಕ್ಕೆ ಬಂದವರಿಗೆಲ್ಲ, ಬಟ್ಟೆ ಬಿಡುವುದು ಬೇಡ, ಮೂರು ಸಲ ನೀರಿನಲ್ಲಿ ಅದ್ದಿ ಮನೆಗೆ ಒಯ್ಯಿರಿ ಎಂದು ಹೇಳತೊಡಗಿದೆ. ಅವರು ಮುಖ ಸಣ್ಣ ಮಾಡಿಕೊಂಡು ಒಯ್ಯುತ್ತಿದ್ದರು. ಬೇರೆಯವರ ಮನೆಯ ಬಟ್ಟೆ, ನನಗೇನು ಹೋಗಬೇಕು!

ಅಕ್ಕಾ, ಅವ್ವನ ಆ ಸೀರೆ ನಿನಗೆ ಎಷ್ಟು ನೆನಪಿದೆಯೋ ನನಗೂ ಅಷ್ಟೇ ನೆನಪಿದೆ. ನನ್ನ ಮುಂಜಿವೆಗೆ ಅಪ್ಪ ರಾಮದುರ್ಗದ ನೇಕಾರರ ಮನೆಗೇ ಹೋಗಿ, ಮಗ್ಗದ ಮುಂದೆ ಕೂತು ತಂದದ್ದು. ಗಿಳಿಹಸಿರು ಮೈ, ಕೆಂಪು ದಡಿ, ಒಂಬತ್ತು ವಾರಿ. ಆಗಿನ್ನೂ ನವಿಲುತೀರ್ಥದ ಅಣೆಕಟ್ಟು ತುಂಬಿರಲಿಲ್ಲ, ಹಿನ್ನೀರು ನಮ್ಮ ದಂಡೆಗೆ ಬಂದಿರಲಿಲ್ಲ. ಬೇಸಿಗೆಯಲ್ಲಿ ಹೊಳೆ ಎಂದರೆ ಬರೀ ಮರಳು. ಅವ್ವ ಕೈಯಿಂದ ಮರಳು ತೋಡಿ ಒರತೆ ಮಾಡುತ್ತಿದ್ದಳು. ಮೊದಲು ಬಂದ ರಾಡಿ ನೀರು ಚೆಲ್ಲಿ, ತಿಳಿ ಬರುವವರೆಗೆ ಕಾದು, ತಂಬಿಗೆಯಿಂದ ಕೊಡ ತುಂಬುತ್ತಿದ್ದಳು. ಆ ನೀರು ಎಷ್ಟು ತಂಪು! ಆಮೇಲೆ ಸೀರೆ ಒಗೆದು ನಮ್ಮ ಕೈಗೆ ಕೊಡುತ್ತಿದ್ದಳು. ಈ ತುದಿ ನಾನು, ಆ ತುದಿ ನೀನು. ಗಾಳಿಗೆ ಅದು ಹೊಟ್ಟೆ ಉಬ್ಬಿಸಿಕೊಂಡು ನಮ್ಮಿಬ್ಬರನ್ನೂ ಎಳೆಯುತ್ತಿತ್ತು. ನೀನು ಬೇಕೆಂದೇ ಒಮ್ಮೆಲೆ ಬಿಟ್ಟುಬಿಡುತ್ತಿದ್ದೆ, ನಾನು ಹಿಂದಕ್ಕೆ ಮರಳಲ್ಲಿ ಬೀಳುತ್ತಿದ್ದೆ. ‘ಲೀಲಾ, ಕೈ ಬಿಡಬ್ಯಾಡಾ! ಮಳ್ಳ ಹುಡಗ ಅದ, ಬೀಳ್ತದ!’ ಎಂದು ಅವ್ವ ಒರತೆಯ ಹತ್ತಿರದಿಂದಲೇ ಕೂಗುತ್ತಿದ್ದಳು. ಕೂಗುತ್ತ ಅವಳೂ ನಗುತ್ತಿದ್ದಳು. ಮೊನ್ನೆ ಇದನ್ನು ಸುಚೇತಾಗೆ ಹೇಳಲು ಹೋಗಿ ನಡುವೆಯೇ ಎದ್ದು ಹಿತ್ತಲಿಗೆ ಹೋದೆ.

ಏಪ್ರಿಲಿನಲ್ಲಿ ಅವ್ವ ಹೋದಾಗ ನೀನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದೆ. ಮುಖ ನೋಡಲೂ ಆಗಲಿಲ್ಲ ನಿನಗೆ. ಹತ್ತನೆಯ ದಿನ ಬೆಳಿಗ್ಗೆ ನೀನು ಫೋನಿನಲ್ಲಿ ಅತ್ತು ಕೇಳಿದ್ದು ಒಂದೇ ಮಾತು, ‘ನಮ್ಮ ಮನಿ ಪದ್ಧತಿ ಬಿಡಬ್ಯಾಡ ತಮ್ಮಾ, ಆ ಸೀರಿ ಹೊಳಿಗೆ ಬಿಡು. ಇಲ್ಲಾಂದ್ರ ಅವ್ವನ ಜೀವ ಅದರಾಗ ಸುತ್ತಿಕೊಂಡು ಕೂಡ್ತದ’ ಅಂತ. ನಾನು ಹೂಂ ಎಂದೆ. ಪಿಂಡ ಬಿಟ್ಟಾದ ಮೇಲೆ ಸೀರೆ ಎದೆಗೆ ಹಿಡಿದು ನೀರಿಗಿಳಿದೆ. ಘಾಟು ಕಾಯಲು ಮುದಕವ್ವ ಎಂಬ ಮುದುಕಿಯನ್ನು ಇಟ್ಟಿದ್ದಾರೆ, ಎಂಥವರನ್ನೂ ಗದರಿಸಿ ಕಳಿಸುವ ಬಾಯಿ ಅವಳದು. ಆವತ್ತು ನನ್ನನ್ನು ನೋಡಿ ಕೋಲು ಕೆಳಗಿಟ್ಟಳು. ‘ಬಿಡ್ರಿ ಭಟ್ರ, ನಾ ಆ ಕಡೆ ಮಕ ಮಾಡಿ ನಿಂದರತೇನಿ’ ಎಂದು ನಿಜವಾಗಿಯೂ ತಿರುಗಿ ನಿಂತಳು. ಎದುರಿಗೆ ನನ್ನದೇ ಬೋರ್ಡು. ಮೆಟ್ಟಿಲ ಮೇಲೆ, ಬಟ್ಟೆ ಬಿಡಗೊಡದೆ ನಾನೇ ವಾಪಸು ಕಳಿಸಿದ್ದ ಜನ. ಕೈ ಬರಲಿಲ್ಲ ಅಕ್ಕಾ. ಸೀರೆ ಹೊತ್ತುಕೊಂಡು ಮೇಲೆ ಬಂದೆ.

ಬೈಲಹೊಂಗಲದಿಂದ ಬಂದಿದ್ದ ನಮ್ಮ ಚಿಕ್ಕಪ್ಪನ ಮಗ ಮಿಲಿಂದ ನನ್ನ ಮುಖ ನೋಡಿ, ‘ಅಣ್ಣಾ, ಇಲ್ಲಿ ಬ್ಯಾಡಾದ್ರ ಹೊಳಿಗುಂಟ ಕೆಳಗ ಹೋಗೋಣು ನಡೀ, ಅಲ್ಲಿ ಬೋರ್ಡೂ ಇಲ್ಲ, ಮುದಕವ್ವನೂ ಇಲ್ಲ’ ಎಂದ. ನಿನ್ನ ಅಳು ಕಿವಿಯಲ್ಲೇ ಇತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಅವನ ಕಾರಿನಲ್ಲಿ ಹೊಳೆ ಹರಿಯುವ ದಿಕ್ಕಿನಲ್ಲಿ ಕೆಳಕ್ಕೆ ಹೋದೆವು. ನೀರು ಇಳಿದಿತ್ತು. ದಂಡೆಯ ಜಾಲಿ ಕಂಟಿಗಳಿಗೆಲ್ಲ ಬಟ್ಟೆ ಸಿಕ್ಕಿಕೊಂಡು ನೇತಾಡುತ್ತಿದ್ದವು. ಧೋತರ, ಪರಕಾರ, ಮಗುವಿನ ಅಂಗಿ, ಬಣ್ಣ ಹೋಗಿ ಎಲ್ಲವೂ ಒಂದೇ ಕೆಸರು. ಕೆಳಗೆ ಮುದಕಪ್ಪ ಎಂಬ ರೈತ ಮೊಳಕಾಲ ನೀರಿನಲ್ಲಿ ನಿಂತು ತನ್ನ ಪಂಪಿನ ಬಾಯಿಗೆ ಸುತ್ತಿಕೊಂಡ ಒಂದು ಸೀರೆಯನ್ನು ಕುಡಗೋಲಿನಿಂದ ಕೊಯ್ಯುತ್ತಿದ್ದ. ‘ಯಾವ ಹಲ್ಕಟ್ ಸೂಳಿಮಕ್ಕಳು ಬಿಡ್ತಾರೋ ಏನೋ, ಇಡೀ ಮೋಟರ ಸುಟ್ಟ ಹೋತು’ ಎಂದು ಬೈಯುತ್ತ ಎಳೆದೆಳೆದು ದಂಡೆಗೆ ಒಗೆಯುತ್ತಿದ್ದ. ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡ. ‘ನಿಮಗಲ್ಲರಿ ಭಟ್ರ, ತಪ್ಪ ತಿಳಕೋಬ್ಯಾಡ್ರಿ’ ಎಂದ. ನನಗಲ್ಲದೆ ಇನ್ಯಾರಿಗೆ ಹೇಳು.

ಬಟ್ಟೆ ಬಿಟ್ಟವರು ಹಿಂತಿರುಗಿ ನೋಡಬಾರದು ಎಂಬುದು ನಮ್ಮ ಪದ್ಧತಿಯಲ್ಲವೇ. ಅಪ್ಪ ಹೇಳಿಕೊಟ್ಟರು, ನಾನು ಊರಿಗೆಲ್ಲ ಹೇಳಿಕೊಟ್ಟೆ. ಹಾಗಾಗಿ ಇಷ್ಟು ವರ್ಷ ನಾನೂ ನೋಡಿರಲಿಲ್ಲ. ಹೊಳೆ ಒಯ್ಯುತ್ತದೆ, ಎಲ್ಲೋ ಗಂಗೆಗೆ ಮುಟ್ಟಿಸುತ್ತದೆ ಎಂದುಕೊಂಡಿದ್ದೆ. ಆ ಕಂಟಿಯ ಮುಂದೆ ನಿಂತಾಗ ಅವ್ವನ ಹಸಿರು ಸೀರೆ ಆ ಕುಡಗೋಲಿಗೆ ಸಿಕ್ಕಂತೆ ಕಣ್ಣಿಗೆ ಕಟ್ಟಿತು. ಯಾರೋ ಅದನ್ನು ಬೈಯುತ್ತ ಎಳೆದು ಕೆಸರಿಗೆ ಒಗೆಯುತ್ತಾರೆ. ಅವಳು ಅದನ್ನು ಎಷ್ಟು ಜೋಪಾನ ಮಾಡಿದ್ದಳು, ದಡಿ ಮಡಿಕೆಗೆ ಸೀಳಬಾರದೆಂದು ಪ್ರತಿ ಶ್ರಾವಣದಲ್ಲಿ ತೆಗೆದು ಮಡಿಕೆ ಬದಲಿಸಿ ಇಡುತ್ತಿದ್ದಳು. ಅಲ್ಲೇ ನೀರಿಗಿಳಿದು ಮೂರು ಸಲ ಅದ್ದಿದೆ, ಹಿಂಡಿದೆ, ಮನೆಗೆ ತಂದೆ. ಬರುವಾಗ ತಿರುತಿರುಗಿ ನೋಡುತ್ತಲೇ ಬಂದೆ. ಅವತ್ತೇ ಸಂಜೆ ನಿನಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನೀನು ‘ಬೋರ್ಡಿನ ಆಸೆಗೆ ಅವ್ವನ್ನ ಕಟ್ಟಿಹಾಕಿದಿ. ಆ ಸೀರಿ ಹೊಳಿಗೆ ಹೋಗೂತನಕಾ ನಾ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲ’ ಎಂದು ಫೋನ್ ಇಟ್ಟೆ. ಅಂದಿನಿಂದ ನಿನ್ನ ದನಿ ಕೇಳಿಲ್ಲ.

ಅವ್ವನ ಜೀವ ಬಿಡುಗಡೆಯಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಊರಿಗೆಲ್ಲ ಆಯಿತೆಂದು ಹೇಳುವ ಬಾಯಿ ನನ್ನದು, ನಿನ್ನೆದುರು ಹಾಗೆ ಹೇಳಲು ಬಾಯಿ ಬರುತ್ತಿಲ್ಲ. ಆದರೆ ಅವ್ವನೂ ಇಲ್ಲ, ನೀನೂ ಮಾತಾಡುವುದಿಲ್ಲ ಎಂದರೆ ನನಗೆ ‘ಮಳ್ಳ ಹುಡಗ’ ಎನ್ನುವವರು ಇನ್ಯಾರೂ ಉಳಿಯಲಿಲ್ಲ. ಅರವತ್ತೆಂಟಾಯಿತು, ಆದರೂ ಬೇಕು ಅನಿಸುತ್ತದೆ. ನಿನ್ನನ್ನು ನೋಡಬೇಕಾಗಿದೆ ಅಕ್ಕಾ.

ಶರ್ವರಿಗೂ ಅಳಿಯಂದಿರಿಗೂ ನಮ್ಮಿಬ್ಬರ ಆಶೀರ್ವಾದ ತಿಳಿಸು. ನನಗೆ ಆಶೀರ್ವಾದ ಮಾಡಲು ಮನಸ್ಸಿಲ್ಲದಿದ್ದರೆ ಬೈದಾದರೂ ಬರೆ, ಅದನ್ನೇ ಆಶೀರ್ವಾದ ಎಂದು ತಲೆಯ ಮೇಲಿಟ್ಟುಕೊಳ್ಳುತ್ತೇನೆ.

ನಿನ್ನ ತಮ್ಮ,
ತ್ರ್ಯಂಬಕ

ತಾ.ಕ.: ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸೀರೆ ಆವತ್ತು ಹಿತ್ತಲ ಹಗ್ಗದ ಮೇಲೆ ಮುದ್ದೆಯಾಗಿಯೇ ಒಣಗಿತು, ಹಾಗೇ ಇದೆ. ಬಿಡಿಸಿ ಮಡಿಸೋಣ ಎಂದು ಸುಚೇತಾ ಒಂದು ತುದಿ ಹಿಡಿಯಲು ಬಂದಳು, ನಾನೇ ಬೇಡವೆಂದೆ, ಆ ತುದಿ ನಿನ್ನದು. ಈ ಸಲ ಹಿನ್ನೀರು ಬಹಳ ಹಿಂದೆ ಸರಿದಿದೆ, ನಮ್ಮ ಒರತೆಯ ಜಾಗದಲ್ಲಿ ಇಷ್ಟಗಲ ಮರಳು ಕಂಡಿದೆ. ನೀನು ಹೊಸ್ತಿಲು ತುಳಿಯಂಗಿಲ್ಲ ಅಂದೀ, ಹೊಳಿಗೆ ಬರಂಗಿಲ್ಲ ಅಂದಿಲ್ಲ. ಮಿಲಿಂದ ಕಾರು ತರುತ್ತಾನೆ, ನೇರ ದಂಡೆಗೇ ಇಳಿ. ಆ ಜಾಲಿ ಕಂಟಿಗಳನ್ನು ನೋಡಿದ ಮೇಲೂ ಬಿಡಲೇಬೇಕು ಎನಿಸಿದರೆ ನಿನ್ನ ಕೈಯಾರೆ ಬಿಡು, ನಾನು ತಡೆಯುವುದಿಲ್ಲ. ಮೊದಲು ಒಮ್ಮೆ ಆ ತುದಿ ಹಿಡಿ. ಮಳೆ ಬಿದ್ದು ಮರಳು ಮುಳುಗುವ ಮುಂಚೆ ಬಾ.