ತಗಲಿದವರೇ ಕೈ ಎತ್ತಬೇಕು

ಆದೋನಿ
ಬುಧವಾರ, 12 ಫೆಬ್ರವರಿ 2025

ಭವಾನಿ,

ನನ್ನ ಅಕ್ಷರ ನೋಡಿದ ಕೂಡಲೇ ಹರಿದು ಒಲೆಗೆ ಹಾಕಬೇಡ ನಮ್ಮವ್ವಾ, ಪೂರ್ತಿ ಓದು. ಫೋನ್ ಮಾಡಿದರೆ ಎತ್ತುವುದಿಲ್ಲ, ಆಲೂರಿಗೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತೀಯ. ಇನ್ನೇನು ಮಾಡಲಿ? ನಿನ್ನ ಮಗಳು ದೀಪಿಕಾಳ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಹೆಬ್ಬೆರಳು ಹೇಗಿದೆ? ಪಟ್ಟಿ ಬಿಚ್ಚಿದ್ದಾರೆ, ಆದರೂ ಅಮ್ಮನಿಗೆ ಕತ್ತರಿ ಹಿಡಿಯಲು ಆಗುತ್ತಿಲ್ಲ, ಬ್ಲೌಸ್ ಹೊಲಿಸಲು ಬಂದವರನ್ನೆಲ್ಲ ವಾಪಸ್ ಕಳಿಸುತ್ತಾಳೆ ಅಂದಳು ದೀಪಿಕಾ. ಕೇಳಿದಾಗಿನಿಂದ ನನಗೆ ಅದೇ ಯೋಚನೆ. ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು.

ಭಾನುವಾರ ನಮ್ಮ ಕತ್ತಿವರಸೆ ಸಂಘದ ಪಂದ್ಯಾವಳಿ. ಮುಚ್ಚಿದ ಹತ್ತಿ ಮಿಲ್ಲಿನ ಗೋದಾಮು ಗುಡಿಸಿ, ಸುಣ್ಣದಲ್ಲಿ ಅಂಕಣ ಎಳೆದಾಗಿದೆ. ಬಳ್ಳಾರಿಯಿಂದ, ಹೈದರಾಬಾದಿನಿಂದ ಆಟಗಾರರು ಬರುತ್ತಿದ್ದಾರೆ. ಆಟಗಾರರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಒಂಬತ್ತನೆಯದು ದೀಪಿಕಾಳದು. "ನನ್ನ ಕೈ ಮುರಿದ ನಿಯಮದಲ್ಲೇ ನೀನೂ ಇಳಿದರ ನನ್ನ ಮುಖ ನೋಡಬ್ಯಾಡ" ಅಂದಿಯಂತೆ ಅವಳಿಗೆ. "ಹದಿನೆಂಟು ತುಂಬೇತಿ, ಇಳಿಯಾಕಿನ" ಅಂದಳಂತೆ ಆಕೆ. ನಿಯಮ ಬದಲಾಗದಿದ್ದರೆ ಅವಳ ಕೈಗೂ ಅದೇ ಗತಿಯಾಗಬಹುದು ಎಂಬ ಹೆದರಿಕೆ ನಿನಗಿಂತ ನನಗೆ ಕಡಿಮೆಯೇನಿಲ್ಲ. ಶನಿವಾರ ಸಂಜೆ ಸಂಘದ ಸಭೆಯಲ್ಲಿ ಅದು ತೀರ್ಮಾನವಾಗಬೇಕು.

ನಿಯಮ ಬರೆದವಳು ನಾನೇ, ತಪ್ಪೂ ನನ್ನದೇ. ಐನೂರು ವರ್ಷದ ಹಿಂದಿನ ಯುರೋಪಿನ ಕತ್ತಿವರಸೆ, ಎರಡೂ ಕೈಯಲ್ಲಿ ಹಿಡಿಯುವ ಉದ್ದ ಕತ್ತಿ, ಅದಕ್ಕೆ ಅವರದೇ ನಿಯಮ ಇರಲಿ ಎಂದು ಅಲ್ಲಿನವರ ಪುಸ್ತಿಕೆಯಿಂದ ಇಳಿಸಿಕೊಂಡೆ: ಮೊದಲು ಮುಟ್ಟಿಸಿದವರಿಗೆ ಅಂಕ, ಪೆಟ್ಟು ತಗಲಿದವರು ತಾವೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ಅಲ್ಲಿ ಎತ್ತುತ್ತಾರೆ. ನಮ್ಮಲ್ಲಿ? ತೀರ್ಪುಗಾರ ಅಂಜಿನಪ್ಪ ಮಾವ ಚಿಕ್ಕಂದಿನಿಂದ ಜಾತ್ರೆಯ ಬಡಿಗೆ ಕಾಳಗ ಆಡಿದವರು, ಅವತ್ತೇ ನಕ್ಕಿದ್ದರು: "ಪೆಟ್ಟು ಬಿದ್ರ ಅರಿಶಿಣ ಒತ್ತಿಕೊಂಡು ನಿಂದರ್ತೀವಿ, ಕೈ ಎತ್ತಿದ್ರ ಊರಾಗ ಮರ್ಯಾದಿ ಐತೇನವ್ವಾ?" ನಾನು ಕೇಳಲಿಲ್ಲ. ಮೇಲಿಂದ ಕತ್ತಿಯಾಟದ ಕೈಗವಸು ದುಬಾರಿಯೆಂದು ಕ್ರಿಕೆಟ್ ಗ್ಲೌಸ್ ಹಾಕಿಸಿದೆ. ಅದರ ಹೆಬ್ಬೆರಳಿನ ಮೆತ್ತೆ ಚೆಂಡಿಗೆ ಸಾಕು, ಉಕ್ಕಿಗೆ ಎಲ್ಲಿ ಸಾಕು? ಈ ಸಲ ಗ್ಲೌಸಿನ ಮೇಲೆ ಗಟ್ಟಿ ತೊಗಲಿನ ಹೊದಿಕೆ ಹೊಲಿಸಿದ್ದೇನೆ.

ಈಗ ಹೊಸದಾಗಿ ಬರೆದಿದ್ದೇನೆ. ಒಬ್ಬರು ಮುಟ್ಟಿಸಿದ ಮೇಲೆ ಇನ್ನೊಬ್ಬರು ತಿರುಗಿ ಹೊಡೆದರೆ ಇಬ್ಬರಿಗೂ ಸೊನ್ನೆ. ಆಗ ಯಾರೂ ಮೈ ಕಾಯ್ದುಕೊಳ್ಳದೆ ನುಗ್ಗುವುದಿಲ್ಲ. ನಾಲ್ಕು ಮೂಲೆಗೂ ನಾಲ್ವರು ತೀರ್ಪುಗಾರರು. ತಗಲಿದ್ದನ್ನು ಮುಚ್ಚಿಟ್ಟವರು ಇಡೀ ಪಂದ್ಯಾವಳಿಯಿಂದ ಹೊರಗೆ.

ಇದಕ್ಕೆ ನಮ್ಮ ಕಾರ್ಯದರ್ಶಿ ಶ್ರೀನು ಸುತರಾಂ ಒಪ್ಪುತ್ತಿಲ್ಲ. "ಮುಚ್ಚಿಟ್ಟವರು ಯಾರದಾರ, ಒಂದು ಹೆಸರು ಹೇಳಕ್ಕಾ" ಅನ್ನುತ್ತಾನೆ. ನಿನ್ನ ಗಾಯದ ವರದಿಯಲ್ಲಿ "ಭವಾನಿ ಅವಸರದಿಂದ ನುಗ್ಗಿದ್ದರಿಂದ" ಎಂದಿದೆಯಲ್ಲ, ಅದನ್ನೇ ತೋರಿಸುತ್ತಾನೆ. ಅದರ ಕೆಳಗೆ ನನ್ನ ಸಹಿಯೂ ಇದೆ. ಅದಕ್ಕೇ ಶನಿವಾರ ನೀನು ಬಂದು, ಅವತ್ತು ಏನಾಯಿತೆಂದು ಎಲ್ಲರೆದುರು ಹೇಳಬೇಕು.

ನನಗೆ ನೆನಪಿರುವುದು ಇಷ್ಟು. ಹೋದ ಸಲದ ನಮ್ಮಿಬ್ಬರ ಪಂದ್ಯದಲ್ಲಿ ನಿನಗೂ ನನಗೂ ಆರಾರು ಅಂಕ, ಗೆಲ್ಲಲು ಕೊನೆಯ ಪೆಟ್ಟು ಬಾಕಿ. ನೀನು ಇದ್ದಕ್ಕಿದ್ದಂತೆ ಕತ್ತಿ ಇಳಿಸಿ ನಿಂತೆ. ನನ್ನ ಕತ್ತಿ ನಿನ್ನ ಕೈ ಮೇಲೆ ಬಿತ್ತು. ನೀನು ಕೆಳಗೆ ಕೂತು ಅಂದಿದ್ದು ಒಂದೇ ಮಾತು: "ನಿಂಗ ತಗಲೇತಲ್ಲೇ ಮಂಗಳಾ." ಎಲ್ಲರೂ ನನ್ನತ್ತ ತಿರುಗಿದರು. ಗದ್ದಲದಲ್ಲಿ ಏನೂ ಗೊತ್ತಾಗಲಿಲ್ಲ ಎಂದುಬಿಟ್ಟೆ.

ಈ ಸಾಲನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ಹಾಳೆ ಹರಿಯುವ ಹಾಗಾಗಿದೆ. ಟೀ ಆರಿಹೋಯಿತು. ದೀಪಿಕಾ ಹೊರಗೆ ಕಾಯುತ್ತಿದ್ದಾಳೆ, ಆಲೂರಿನ ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾಳೆ.

ಬೈಯಬೇಕೆನಿಸಿದರೆ ಬಾಯಿತುಂಬ ಬೈಯಿ, ಆದರೆ ಬಾ.

ಇಂತಿ, ನಿನ್ನ ಮೊಂಡಿ
ಮಂಗಳಾ

ಮರೆತ ಮಾತು: ಮರೆತಿದ್ದಲ್ಲ, ಮುಚ್ಚಿಟ್ಟಿದ್ದು. ನೀನು ಬರಬೇಕಿಲ್ಲ ಭವಾನಿ, ಶ್ರೀನು ಕೇಳಿದ ಹೆಸರನ್ನು ಶನಿವಾರ ನಾನೇ ಹೇಳುತ್ತೇನೆ. ನಿನ್ನ ಕತ್ತಿ ನನ್ನ ಎಡಭುಜಕ್ಕೆ ಮೊದಲೇ ತಗಲಿತ್ತು. ನಾನು ಕೈ ಎತ್ತುತ್ತೇನೆಂದು ನಂಬಿ ನೀನು ಕತ್ತಿ ಇಳಿಸಿದೆ. ಕಲಿಸಿದವಳು ನಾನು, ಎಲ್ಲರೆದುರು ನಿನಗೆ ಸೋಲಲು ಮನಸ್ಸು ಒಪ್ಪಲಿಲ್ಲ, ಹೊಡೆದೆ. ಹದಿನೈದು ದಿನ ಅರಿಶಿಣ ಹಚ್ಚಿಕೊಂಡು, ಮೇಲೆ ನೀನು ಹೊಲಿದುಕೊಟ್ಟ ತುಂಬುತೋಳಿನ ಬ್ಲೌಸ್ ಹಾಕಿಕೊಂಡು ತಿರುಗಿದೆ. ಇಷ್ಟನ್ನೂ ಈಗ ದೀಪಿಕಾಗೆ ಓದಲು ಕೊಟ್ಟೆ.  ಓದಿ ಮುಗಿಸಿ, ನನ್ನ ಕೈಯಿಂದಲೇ ಪೆನ್ನು ಇಸಿದುಕೊಂಡು, ಗೋಡೆಗೆ ಅಂಟಿಸಿದ್ದ ಭಾನುವಾರದ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿದಳು. ನಾನು ತಡೆಯಲಿಲ್ಲ.