ಖಾಲಿ ಕೊಟ್ಟ ಹಾಳೆ

ನನ್ನ ಕಿವಿಗೆ ಮೊದಲು ಸ್ಟೆತಾಸ್ಕೋಪ್ ಇಟ್ಟ ಗಂಗಮ್ಮ ಸಿಸ್ಟರ್‌ಗೆ,

ನೀವು ತೀರಿಹೋದ ಮೇಲೆ ನರ್ಸಿಂಗ್ ಸ್ಕೂಲಿನಲ್ಲಿ ನಿಮ್ಮ ಕುರ್ಚಿ ನನಗೆ ಬಂತು. ಮಧ್ಯಾಹ್ನದ ಡಬ್ಬಿಯನ್ನು ಒಬ್ಬಳೇ ಬಿಚ್ಚುತ್ತೇನೆ. ನಿಮ್ಮ ಶೇಂಗಾ ಚಟ್ನಿಪುಡಿಗೆ ಕೈ ಚಾಚುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ.

ನನ್ನ ಪ್ರಾಕ್ಟಿಕಲ್ ಪರೀಕ್ಷೆಯ ದಿನ ನೆನಪಿದೆಯೇ? ಹೊಸಪೇಟೆಯ ರಸ್ತೆ ಬದಿಯ ವಾರ್ಡು, ಕಿಟಕಿಯಾಚೆ ಅದಿರಿನ ಲಾರಿಗಳ ಸಾಲು. ನನ್ನ ಪಾಲಿಗೆ ಬಂದ ರೋಗಿ ಸಂಡೂರಿನ ಗಣಿಯಲ್ಲಿ ಅದಿರು ತುಂಬುತ್ತಿದ್ದ ಹನುಮಂತಪ್ಪ. ಬಿ.ಪಿ. ನೋಡಬೇಕಿತ್ತು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದೆ, ಬಿಟ್ಟೆ. ಕೇಳಿಸಿದ್ದು ಲಾರಿಯ ಸದ್ದೊಂದೇ. ಹೊರಗಿನಿಂದ ಬಂದ ಪರೀಕ್ಷಕರು ಗಡಿಯಾರ ನೋಡುತ್ತಿದ್ದರು. "ಒನ್ ಟ್ವೆಂಟಿ, ಎಯ್ಟಿ ಸರ್" ಎಂದುಬಿಟ್ಟೆ. ಅವರು ಗುರುತು ಹಾಕಿ ಮುಂದೆ ಹೋದರು.

ಹನುಮಂತಪ್ಪ ನಕ್ಕ. "ಮುಂಜಾನಿಂದ ಐದು ಹುಡುಗೇರು ಇದನ್ನ ಹೇಳ್ಯಾರ ನೋಡವ್ವ. ನಾ ಅಷ್ಟು ಆರಾಮಿದ್ರ ಇಲ್ಲ್ಯಾಕ ಮಲಗ್ತಿದ್ದೆ?"

ಆಮೇಲೆ ನೀವೇ ನೋಡಿದಿರಿ. ನೂರ ಎಂಬತ್ತು ದಾಟಿತ್ತು. "ಡಾಕ್ಟ್ರನ್ನ ಜಲ್ದಿ ಕರೀರಿ" ಎಂದವರು ನನ್ನ ಕಡೆ ತಿರುಗಲೂ ಇಲ್ಲ. ಬೈದಿದ್ದರೆ ಅಂದೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ...

ಮರುದಿನ ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟಿರಿ. "ಪರೀಕ್ಷೆ ಬಗ್ಗೆ ನಿಮಗ ಏನನ್ನಸ್ತದೋ ಬರೀರಿ. ಹೆಸರು ಬ್ಯಾಡ." ಹುಡುಗಿಯರು ಬರೆದರು. ವರ್ಷವಿಡೀ ವಾರ್ಡಿನಲ್ಲಿ ದುಡಿದದ್ದಕ್ಕೆ ಬೆಲೆಯಿಲ್ಲ, ಹತ್ತು ನಿಮಿಷವೇ ಎಲ್ಲ. ಪರೀಕ್ಷಕರು ಹುಬ್ಬು ಗಂಟಿಕ್ಕಿದರೆ ಕಲಿತದ್ದೂ ಮರೆಯುತ್ತದೆ. 'ಕೇಳಿಸಲಿಲ್ಲ ಅಂದರೆ ಸೊನ್ನೆ, ಸುಳ್ಳು ಹೇಳಿದರೆ ಮಾರ್ಕು' ಎಂದೊಬ್ಬಳು. ನಾನು ಖಾಲಿ ಹಾಳೆ ಮಡಚಿ ಕೊಟ್ಟೆ.

ನೀವು ಆ ಹಾಳೆಗಳನ್ನು ಆಡಳಿತದವರ ಮುಂದಿಟ್ಟಾಗ "ಹುಡುಗೇರ ಗೊಣಗಾಟ" ಎಂದು ನಕ್ಕರಂತೆ. ಗುಡ್ಡಗಳನ್ನು ಟನ್ನುಗಟ್ಟಲೆ ಸಾಗಿಸಲು ಹಗಲಿರುಳು ಪುರುಸೊತ್ತಿರುವ ಈ ಊರಿಗೆ, ಗುಡ್ಡ ಅಗೆದವನ ನಾಡಿ ಕೇಳಲು ಎರಡು ನಿಮಿಷ ಸುಮ್ಮನಿರಲಾಗದೇ?

ಹೋದ ವಾರ ನಿಮ್ಮ ಕಪಾಟಿನಲ್ಲಿ ಆ ಹಾಳೆಗಳ ಕಟ್ಟು ಸಿಕ್ಕಿತು. ನನ್ನ ಖಾಲಿ ಹಾಳೆಯೂ ಅದರಲ್ಲಿತ್ತು. ಏನೂ ಬರೆಯದ್ದನ್ನು ಯಾಕೆ ಇಟ್ಟುಕೊಂಡಿರಿ ಸಿಸ್ಟರ್? ಅದು ಯಾರದೆಂದು ನಿಮಗೆ...

ಇವತ್ತು ಮತ್ತೆ ಪರೀಕ್ಷೆ ಇತ್ತು. ಅದೇ ವಾರ್ಡು, ಆಗಿನದಕ್ಕಿಂತ ಹೆಚ್ಚು ಲಾರಿ. ಕಂಪ್ಲಿಯ ರೇಣುಕಾ ಕಿವಿಯಿಂದ ಸ್ಟೆತಾಸ್ಕೋಪ್ ತೆಗೆದು, "ಕೇಳಸಲಿಲ್ರಿ ಸರ್. ಇನ್ನೊಮ್ಮೆ ನೋಡ್ತೀನ್ರಿ" ಎಂದಳು.

"ಪರೀಕ್ಷಾದಾಗ ಇನ್ನೊಮ್ಮೆ ಅನ್ನೋದು ಇಲ್ಲಮ್ಮ" ಎಂದು ಪರೀಕ್ಷಕರು ಸೊನ್ನೆ ಬರೆದರು. ಮಾರ್ಕಿನ ಹಾಳೆಗೆ ಸ್ಕೂಲಿನ ಪರವಾಗಿ ನನ್ನ ಸಹಿಯೂ ಬೀಳಬೇಕು.

"ಆಕಿಗೆ ಇನ್ನೊಂದು ಸಲ ಕೊಡೋತನಕ ಈ ಹಾಳಿಗೆ ನಾ ಸಹಿ ಹಾಕಂಗಿಲ್ರಿ" ಎಂದೆ.

"ಏನ್ರೀ ಮೇಡಂ, ಆಕಿ ನಿಮ್ಮ ಮಗಳೇನು?"

ಹೋಗಿ ಕಿಟಕಿ ಮುಚ್ಚಿದೆ, ಫ್ಯಾನ್ ಆರಿಸಿದೆ. ಇಡೀ ವಾರ್ಡು ಸುಮ್ಮನಾಯಿತು. ರೇಣುಕಾ ಕಣ್ಣು ಮುಚ್ಚಿ ಕೇಳಿದಳು. ಹೇಳಿದ ಅಂಕಿ ಸರಿಯಿತ್ತು. ಪರೀಕ್ಷಕರು ಗೊಣಗುತ್ತಲೇ ಸೊನ್ನೆ ಹೊಡೆದು ಹಾಕಿ ಪಾಸು ಮಾಡಿದರು. ಅಂದು ನನಗೆ ಸಿಕ್ಕಷ್ಟು ಮಾರ್ಕು ಅವಳಿಗೆ ಸಿಗಲಿಲ್ಲ.

ಇದನ್ನು ಹೇಳಲು ಕೋಣೆಗೆ ಓಡಿಬಂದೆ. ಕುರ್ಚಿ ಖಾಲಿ ಇತ್ತು. ಅದು ಈಗ ನನ್ನದೇ ಅಲ್ಲವೇ.

ಅದಕ್ಕೇ ಇದನ್ನು ನನ್ನ ಆ ಖಾಲಿ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಅಂದು ನನಗೂ ಕೇಳಿಸಿರಲಿಲ್ಲ ಸಿಸ್ಟರ್. ಹೆಸರು ಬ್ಯಾಡ ಅಂದಿದ್ದಿರಿ. ಬರೆಯುತ್ತೇನೆ.

ಸುನಂದಾ