ಡಕ್ಟಿನಷ್ಟೇ ದೊಡ್ಡ ಡ್ಯಾಂಪರ್

೧೪ ಅಕ್ಟೋಬರ್, ಮಂಗಳವಾರ

ಅನ್ನಪೂರ್ಣೇಶ್ವರಿ ನಗರದ ಕಲ್ಯಾಣ ಮಂಟಪದ ಎಸಿ ಡ್ಯಾಂಪರಿಗೆ ನಾನೇ ತಪ್ಪು ಅಳತೆ ಬರೆದುಕೊಟ್ಟಿದ್ದೇನೆ. ಸ್ಟುಪಿಡ್ ಮಿಸ್ಟೇಕ್. ಗಾಳಿ ಹೋಗುವ ಡಕ್ಟ್ ಇಪ್ಪತ್ನಾಲ್ಕು ಇಂಚು ಚೌಕ, ಆದ್ದರಿಂದ ಗಾಳಿಯನ್ನು ಹತೋಟಿಯಲ್ಲಿಡುವ ಡ್ಯಾಂಪರೂ ಇಪ್ಪತ್ನಾಲ್ಕೇ ಎಂದುಕೊಂಡೆ. ಅದು ಡಕ್ಟಿಗಿಂತ ಚಿಕ್ಕದಿರಬೇಕೆಂದು ಇಂದು ಕ್ಲಾಸಿನಲ್ಲಿ ತಿಳಿಯಿತು. ದೊಡ್ಡದಾದರೆ ಸ್ವಲ್ಪ ತೆರೆದ ಕೂಡಲೇ ಗಾಳಿಯೆಲ್ಲ ನುಗ್ಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ವ್ಯತ್ಯಾಸವಿಲ್ಲ. ತಗಡು ಕತ್ತರಿಸಿಬಿಟ್ಟಿದ್ದರೆ ನನ್ನ ಇಂಟರ್ನ್‌ಶಿಪ್ ಅಲ್ಲಿಗೇ ಮುಗಿಯುತ್ತಿತ್ತು.

ಸಂಜೆ ಹಾಸ್ಟೆಲ್ ಮೆಟ್ಟಿಲ ಮೇಲೆ ಕುಳಿತು ವರ್ಕ್‌ಶಾಪಿನ ಮುತ್ತುರಾಜಣ್ಣನಿಗೆ ಫೋನ್ ಮಾಡಿದೆ.

“ಅಣ್ಣಾ, ಸಾರಿ, ಆ ಸೈಜ್ ರಾಂಗು. ಕಟ್ ಮಾಡ್ಬಿಟ್ರಾ?”

“ಇಲ್ಲ ಕಣೋ. ಫಸ್ಟ್ ಇಯರ್‌ನೋರು ಕೊಟ್ಟ ಚೀಟಿನ ಎರಡು ದಿನ ಮೊಳೆಗೆ ಸಿಗಿಸಿಟ್ಟಿರ್ತೀನಿ. ಫೋನ್ ಬಂದೇ ಬರುತ್ತೆ. ಈಗ ಎಷ್ಟು?”

“ಹದಿನೆಂಟು.”

“ಗ್ಯಾರಂಟೀನಾ?”

“ಇನ್ನೊಂದ್ಸಲ ಲೆಕ್ಕ ಹಾಕಿ ಹೇಳ್ಲಾ ಅಣ್ಣಾ?”

“ಸರಿ, ಇನ್ನೆರಡು ದಿನ ಮೊಳೇಲೇ ಇರ್ಲಿ ಬಿಡು” ಎಂದು ನಕ್ಕರು.

ಈಗ ಮೂರನೇ ಸಲ ಲೆಕ್ಕ ಹಾಕಿದೆ. ಹದಿನೆಂಟೇ ಬರುತ್ತಿದೆ. ಬೆಳಿಗ್ಗೆ ಫೋನ್ ಮಾಡಿ, ಕತ್ತರಿಸಿ ಎಂದು ನಾನೇ ಹೇಳಬೇಕು. ಅದಕ್ಕೆ ಮೊದಲು ಇನ್ನೊಂದೇ ಒಂದು ಸಲ ಲೆಕ್ಕ ಹಾಕಿಬಿಡುತ್ತೇನೆ.